ಹೊಳವಿಗೆ ಕಾದು ಹಾಕಿದ ಬೆಸುಗೆ

ಬಯಲುಸೀಮೆಯಿಂದ ಹೊಸನಗರದ ಮಳೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ನಮ್ಮವರು, ಅಂದರೆ ನನ್ನ ಗಂಡ ಮಲ್ಲಪ್ಪ, ಬಾಡಿಗೆಗೆ ಹಿಡಿದ ವರ್ಕ್‌ಶಾಪಿನ ಮುಂದೆ ಗೇಟೊಂದಕ್ಕೆ ವೆಲ್ಡಿಂಗ್ ಮಾಡುತ್ತಿದ್ದರು. ಗೇಟು ಅಲುಗಾಡದಿರಲಿ ಎಂದು ಹಿಡಿಯಲು ಹೋದೆ. ಹಿಡಿದ ಕೈ ಬಿಡಲು ಬರಲಿಲ್ಲ. ಎದೆಯೊಳಗೆ ಡೊಳ್ಳು ಬಡಿದಂತಾಯಿತು. ಕೂಗೋಣವೆಂದರೆ ದವಡೆ ಕಚ್ಚಿಕೊಂಡಿತ್ತು. ನಮ್ಮವರು ಕೈಯಲ್ಲಿದ್ದುದನ್ನು ಎಸೆದು ನನ್ನ ಕಡೆ ಧಾವಿಸಿದರು.

"ಮುಟ್ಬೇಡ ಮಾರಾಯಾ, ಅವ್ಳನ್ನ ಮುಟ್ಬೇಡ!"

ಹಾಗೆ ಕಿರುಚಿದವರು ನಮಗೆ ವರ್ಕ್‌ಶಾಪಿನ ಶೆಡ್ಡು ಬಾಡಿಗೆಗೆ ಕೊಟ್ಟ ಜಲಜಕ್ಕ. ಪಕ್ಕದ ಮನೆಯಿಂದ ಓಡಿಬಂದು ಗೋಡೆಯ ಮೇನ್ ಸ್ವಿಚ್ ಕೆಳಗೆಳೆದರು. ನಾನು ಕೆಸರಿಗೆ ಬಿದ್ದೆ. ಬಿದ್ದದ್ದು ಎಷ್ಟು ಸುಖವಾಗಿತ್ತೆಂದು ಹೇಗೆ ಹೇಳಲಿ!

ಮಷೀನಿಗೆ ಕರೆಂಟು ತರುವ ಕೇಬಲ್ಲಿನ ಮೈ ಒಂದು ಕಡೆ ಸೀಳಿತ್ತು. ಆ ಜಾಗವೇ ಗೇಟಿನ ಕೆಳಗೆ, ನೀರಿನಲ್ಲಿ ಬಿದ್ದಿತ್ತು. ನಮ್ಮ ರೋಣದ ಕಡೆ ಅದೇ ಕೇಬಲ್ಲು ವರ್ಷಗಟ್ಟಲೆ ಒಣ ಮಣ್ಣಿನಲ್ಲಿ ಹೊರಳಾಡಿತ್ತು, ಯಾರಿಗೂ ಏನೂ ಆಗಿರಲಿಲ್ಲ. ನಮ್ಮವರು ತಲೆ ಮೇಲೆ ಕೈಹೊತ್ತು ಕೂತರು.

"ನಮ್ಮನೆ ಗಬ್ಬದ ದನ ಹಿಂಗೇ ಹೋಗಿದ್ದು," ಎಂದರು ಜಲಜಕ್ಕ. "ಪಂಪಿನ ವೈರು ನೀರಲ್ಲಿ ಬಿದ್ದಿತ್ತು. ಅದನ್ನ ಎಳೀಲಿಕ್ಕೆ ಹೋಗಿದ್ರೆ ನಮ್ಮನೆಯವ್ರೂ ಇರ್ತಿರ್ಲಿಲ್ಲ. ಮೊದ್ಲು ಮೇನ್ ತೆಗೀಬೇಕು, ಆಮೇಲೆ ಮನುಷ್ಯರನ್ನ ಮುಟ್ಟಬೇಕು. ಈಗ ಏಳು, ಆಸ್ಪತ್ರೆಗೆ ಹೋಗಾಣ."

"ನಂಗೇನೂ ಆಗಿಲ್ರೀ ಅಕ್ಕಾರ."

"ಹೊರಗೆ ಗಾಯ ಕಾಣ್ದಿದ್ರೂ ಒಳಗೆ ಆಗಿರ್ತದೆ. ಏಳು ಅಂದ್ನಲ್ಲ."

ಆಸ್ಪತ್ರೆಯಲ್ಲಿ ಎದೆಯ ಬಡಿತ ನೋಡಿ, ಸ್ವಲ್ಪ ಹೊತ್ತು ಮಲಗಿಸಿಕೊಂಡು ಕಳಿಸಿದರು. ಕೈಯಲ್ಲಿ ಮಾತ್ರ ಎರಡು ಕಪ್ಪು ಕಲೆ ಉಳಿದವು.

ರೋಣದ ಕಡೆಯವರಾದ ನಿಮಗೆ ಇಲ್ಲಿನ ತೇವ ಎಂಥದೆಂದು ಹೇಳಿದರೆ ತಿಳಿಯದು. ನಾವು ಬೇವಿನ ಮರದ ಕೆಳಗೆ, ಕಾದ ನೆಲದಲ್ಲಿ, ರಬ್ಬರು ಚಪ್ಪಲಿ ಹಾಕಿಕೊಂಡು ಬೆಸುಗೆ ಹಾಕಿದವರು. ನಮ್ಮ ಚಿಂತೆ ಕಣ್ಣಿನದು, ಧೂಳಿನದು. ಇಲ್ಲಿ ಗೋಡೆ ಬೆವರುತ್ತದೆ. ಚರ್ಮದ ಗ್ಲೌಸಿಗೆ ಬೂಷ್ಟು ಹಿಡಿಯುತ್ತದೆ. ವೆಲ್ಡಿಂಗ್ ರಾಡುಗಳು ತೇವ ಕುಡಿದು ಚಟಪಟ ಸಿಡಿಯುತ್ತವೆ. ಅವುಗಳ ಪೊಟ್ಟಣವನ್ನು ನಾನೀಗ ಜಲಜಕ್ಕನ ಬಚ್ಚಲ ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತೇನೆ. ತವರಿನಿಂದ ತಂದ ಖಡಕ್ ರೊಟ್ಟಿ ಮಾರನೆಯ ದಿನವೇ ಮೆತ್ತಗಾಗಿ ಮಡಚಿಕೊಂಡಿತು. ಅದನ್ನು ಕೈಯಲ್ಲಿ ಹಿಡಿದು ಅತ್ತೆನೆಂದರೆ ನೀವು ನಗುತ್ತೀರಿ.

ಮಾತೂ ಹಾಗೆಯೇ. ಯಾರನ್ನು ಕರೆದರೂ "ಎಂತ?" ಎನ್ನುತ್ತಿದ್ದರು. ನನಗೆ ಗದರಿದಂತೆ ಕೇಳುತ್ತಿತ್ತು. ಅದು ನಮ್ಮ "ಏನ್ರೀ?" ಅಷ್ಟೇ ಎಂದು ತಿಳಿಯುವವರೆಗೆ ಅಂಗಡಿಗೆ ಹೋಗುವುದಕ್ಕೂ ಅಂಜುತ್ತಿದ್ದೆ. ಇಲ್ಲಿ ಕಲಿತ ಮಾತುಗಳಲ್ಲಿ ನನಗೆ ಇಷ್ಟವಾದದ್ದು "ಹೊಳವು". ಎಡೆಬಿಡದ ಮಳೆ ನಿಂತು ಆಕಾಶ ಸ್ವಲ್ಪ ತೆರೆದುಕೊಂಡರೆ ಅದು ಹೊಳವು. ನಮ್ಮ ಸೀಮೆಯಲ್ಲಿ ಮಳೆ ಬರಲೆಂದು ಕಾಯುತ್ತೇವೆ, ಅದಕ್ಕೇ ಅಂಥ ಮಾತಿನ ಅಗತ್ಯ ಬಿದ್ದಿಲ್ಲವೇನೋ.

ಆ ಕರೆಂಟಿನ ಪೆಟ್ಟಾದ ಮೇಲೆ ನಾವು ಕೆಲಸದ ರೀತಿಯನ್ನೇ ಬದಲಿಸಿದೆವು. ಸೀಳಿದ ಕೇಬಲ್ಲು ಬಿಸಾಡಿದೆವು. ಎಲೆಕ್ಟ್ರಿಶಿಯನ್ನನ್ನು ಕರೆಸಿ ಮಷೀನಿಗೆ ಸರಿಯಾದ ಅರ್ಥಿಂಗ್ ಕೊಡಿಸಿದೆವು, ಕರೆಂಟು ಸೋರಿದ ಕೂಡಲೇ ತಾನಾಗಿ ಬೀಳುವ ಟ್ರಿಪ್ ಸ್ವಿಚ್ಚನ್ನೂ ಹಾಕಿಸಿದೆವು. ಕಾಲಿಗೆ ಬೂಟು, ಬೂಟಿನ ಕೆಳಗೆ ಒಣ ಹಲಗೆ. ಗ್ಲೌಸ್ ಒದ್ದೆಯಾದರೆ ಕೆಲಸ ನಿಲ್ಲಬೇಕು. ಬಯಲಲ್ಲಿ ಮಳೆ ಬೀಳುತ್ತಿದ್ದರೆ ಕೆಲಸ ಇಲ್ಲವೇ ಇಲ್ಲ.

ಆಡಿದಷ್ಟು ಸುಲಭವಿರಲಿಲ್ಲ. ನಿಟ್ಟೂರಿನ ಕಡೆಯಿಂದ ಮಂಜಪ್ಪಣ್ಣ ಎಂಬ ರೈತರೊಬ್ಬರು ಕೊಡೆ ಹಿಡಿದು ಬಂದರು. ಅವರ ಕೇರಿಯ ಕಬ್ಬಿಣದ ಸಂಕದ ಕೈಕಂಬಿ ಮುರಿದಿತ್ತು. ಸಂಕವೆಂದರೆ ಹಳ್ಳ ದಾಟುವ ಸಣ್ಣ ಕಾಲುಸೇತುವೆ. ಹಳ್ಳ ತುಂಬಿ ಹರಿಯುತ್ತಿತ್ತು, ಮಕ್ಕಳು ಅದರ ಮೇಲೆಯೇ ಶಾಲೆಗೆ ಹೋಗಬೇಕು. ನಾವು ಅವರ ಜೊತೆ ಹೋಗಿ ನೋಡಿದೆವು. ಮಳೆ ಜಡಿಯುತ್ತಲೇ ಇತ್ತು.

"ಇವತ್ತು ಆಗೂದಿಲ್ರೀ. ಮಳಿ ನಿಲ್ಲಲಿ," ಎಂದೆ.

"ಮಳೆಗಾಲದಲ್ಲಿ ಮಳೆ ನಿಲ್ತದಾ? ಎಂತ ಮಾತು ಆಡ್ತೀರಿ? ಮಕ್ಳು ಬಿದ್ರೆ ಯಾರು ಹೊಣೆ? ನೀವು ಮಾಡಲ್ಲ ಅಂದ್ರೆ ಸಾಗರದಿಂದ ಬೇರೆಯವ್ರನ್ನ ಕರೆಸ್ತೀನಿ."

ನಮ್ಮವರು ನನ್ನ ಮುಖ ನೋಡಿದರು. ಹೊಸ ಊರು. ಮೊದಲ ದೊಡ್ಡ ಕೆಲಸ. ಹೆಸರು ಕೆಟ್ಟರೆ ಮತ್ತೆ ಯಾರು ಕರೆದಾರು? "ತಾಡಪತ್ರಿ ಕಟ್ಟಿ ಲಗೂನ ಮುಗಿಸಿಬಿಡೂನೇನ?" ಎಂದು ಮೆಲ್ಲಗೆ ಕೇಳಿದರು. ನನ್ನ ಕೈಯ ಕಪ್ಪು ಕಲೆ ಕಣ್ಣಿಗೆ ಬಿತ್ತೇನೋ, ತಾವೇ ತಲೆ ಅಲ್ಲಾಡಿಸಿದರು. ಬದಲಿಗೆ ಬಿದಿರು ಕಡಿಸಿ, ಮುರಿದ ಜಾಗಕ್ಕೆ ಹಗ್ಗ ಬಿಗಿದು ಗಟ್ಟಿಯಾದ ತಡೆ ಕಟ್ಟಿಕೊಟ್ಟೆವು. ಮಂಜಪ್ಪಣ್ಣ ಮುಖ ಊದಿಸಿಕೊಂಡು ಮನೆಗೆ ಹೋದರು. ಆ ವಾರವೆಲ್ಲ ಫೋನು ಸದ್ದು ಮಾಡಿದಾಗಲೆಲ್ಲ ಸಾಗರದವರು ಬಂದರೆಂಬ ಸುದ್ದಿಯೇ ಎಂದುಕೊಂಡೆ.

ಹೊಳವು ಬಿದ್ದ ಬೆಳಿಗ್ಗೆ ಅವರೇ ಫೋನು ಮಾಡಿದರು. ಹೋದೆವು. ಅವರ ಮನೆಯಿಂದ ಕರೆಂಟು ಪಡೆದು, ಟ್ರಿಪ್ ಸ್ವಿಚ್ಚನ್ನು ಅಲ್ಲೇ ಜಗಲಿಯಲ್ಲಿ ಕೂರಿಸಿದೆವು. ಕೇಬಲ್ಲು ನೆಲಕ್ಕೆ ತಾಗದಂತೆ ಕವೆಗೋಲುಗಳ ಮೇಲೆ ಹಾಯಿಸಿದೆವು. ಕಂಬಿ ಒರೆಸಿ, ಹಲಗೆ ಹಾಸಿ ಕೆಲಸ ಶುರುಮಾಡಿದೆವು. ಮಂಜಪ್ಪಣ್ಣನ ಸಿಟ್ಟು ಇಳಿದಿತ್ತು. ಸುಮ್ಮನಿರಲಾರದೆ, ನಮಗೆ ದಾರಿಯಾಗಲೆಂದು ಕತ್ತಿ ಹಿಡಿದು ಪೊದೆ ಸವರತೊಡಗಿದರು. ಪೊದೆಯೊಳಗೆ ಹಾದ ಕೇಬಲ್ಲು ಅವರಿಗೆ ಕಾಣಲಿಲ್ಲ. ಕತ್ತಿ ಅದರ ಮೇಲೆಯೇ ಬಿತ್ತು.

ಬೆಸುಗೆಯ ಬೆಳಕು ಫಕ್ಕನೆ ಆರಿತು. ತಿರುಗಿ ನೋಡಿದರೆ ಮಂಜಪ್ಪಣ್ಣ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

"ಝುಮ್ ಅಂತು, ಅಷ್ಟೇ," ಎಂದರು. "ಕರೆಂಟ್ ಹೋಯ್ತಾ?"

"ಸ್ವಿಚ್ ಬಿದ್ದೈತ್ರೀ. ಅದಕ್ಕ ನೀವಿನ್ನೂ ನಿಂತೀರಿ," ಎಂದೆ.

ಅವರು ಮೆಲ್ಲಗೆ ಕಲ್ಲಿನ ಮೇಲೆ ಕೂತರು. ಆಮೇಲೆ, "ಅವತ್ತು ಮಳೇಲಿ ನೀವು ಒಪ್ಪಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ, ಹೆಂಡತಿಯನ್ನು ಕೂಗಿ ಕಾಫಿ ತರಿಸಿದರು. ನಮ್ಮವರು ಕೇಬಲ್ಲಿನ ಪೆಟ್ಟು ಬಿದ್ದ ಭಾಗ ತೆಗೆದುಹಾಕಿದರು. ಕತ್ತಲಾಗುವ ಮೊದಲು ಕೈಕಂಬಿ ನಿಂತಿತು. ಶಾಲೆ ಬಿಟ್ಟು ಬಂದ ಮಕ್ಕಳು ಅದನ್ನು ಹಿಡಿದು ದಾಟುವುದನ್ನು ನೋಡುತ್ತಾ ನಾನು ನಾಲ್ಕು ಲೋಟ ಕಾಫಿ ಕುಡಿದೆ.

ಈಗ ಮಂಜಪ್ಪಣ್ಣ ಸಿಕ್ಕಿದವರಿಗೆಲ್ಲ "ಆ ಬಯಲುಸೀಮೆಯವ್ರ ಹತ್ರ ಹೋಗಿ" ಎನ್ನುತ್ತಾರಂತೆ. ಕೆಲಸಕ್ಕೆ ಕೊರತೆಯಿಲ್ಲ. ಆದರೆ ಎಷ್ಟು ವರ್ಷ ಇದ್ದರೂ ಇಲ್ಲಿ ನಾವು ಬಯಲುಸೀಮೆಯವರೇ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆನಲ್ಲ, ಆಗ ನನ್ನ ಅಣ್ಣ ಬಸವರಾಜ ಟ್ರ್ಯಾಕ್ಟರಿನ ಟ್ರಾಲಿಗೆ ವೆಲ್ಡಿಂಗ್ ಮಾಡುತ್ತಿದ್ದ. ಬರಿಗಾಲು, ಬರಿಗೈ, ಮೈಯೆಲ್ಲ ಬೆವರು.

"ಅಣ್ಣಾ, ಬೂಟ್ ಹಾಕ್ಕೋ. ಗ್ಲೌಸ್ ಎಲ್ಲಿ?"

"ಇಲ್ಲಿ ಮಳಿ ಎಲ್ಲೈತಿ ತಂಗಿ? ನೆಲಾ ಸುಡಾಕತ್ತೈತಿ."

"ಬೆವರೂ ನೀರೇ ಅಲ್ದಾ?"

ಕಟ್ಟೆಯ ಮೇಲಿದ್ದ ಅತ್ತಿಗೆ ಬಿದ್ದು ಬಿದ್ದು ನಕ್ಕಳು. "ಕೇಳ್ರಿ, ಇಕಿ ಮಾತೂ ಆ ಕಡೀವು ಆಗ್ಯಾವು!"

ಅಣ್ಣ ನಗಲಿಲ್ಲ. ನನ್ನ ಕೈಯ ಕಲೆಯನ್ನು ಸ್ವಲ್ಪ ಹೊತ್ತು ನೋಡಿದ. ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದ, ಟವೆಲಿನಿಂದ ಕೈ ಒರೆಸಿ ಗ್ಲೌಸ್ ಏರಿಸಿದ. "ಆತವ್ವಾ. ನಿಮ್ಮೂರಾಗ ಹೆಂಗ ಮಾಡ್ತೀರೋ ಹಂಗ ಮಾಡೂನು," ಎಂದ.

ನಿಮ್ಮೂರು ಎಂದ, ನಾನು ಹುಟ್ಟಿದ ಮನೆಯ ಅಂಗಳದಲ್ಲಿ ನಿಂತು. ಅವನು ಮುಖಕ್ಕೆ ಗಾಜು ಹಿಡಿದು ರಾಡು ತಾಗಿಸುವ ಮೊದಲೇ, ಬೆಳಕಿಗೆ ಹೆದರಿದವಳಂತೆ ನಾನು ಮುಖ ತಿರುಗಿಸಿಕೊಂಡೆ.