ಅಂಬಮ್ಮನ ಗೋಡೆಯೂ ಉಸ್ತಾದರ ಕಂಬಳಿಯೂ

ಯಗಟಿಯಲ್ಲಿ ಬಸ್ಸಿಳಿದ ಮೊದಲ ದಿನವೇ ಈ ಲೇಖಕ ಅಂಬಮ್ಮನನ್ನು ನೋಡಿದ್ದು. ನೋಡಿದ ಕೂಡಲೇ ತಪ್ಪು ತಿಳಿದದ್ದು.

ಎಂಬತ್ಮೂರನೇ ಇಸವಿಯ ಏಪ್ರಿಲ್ ತಿಂಗಳು, ನಡುಮಧ್ಯಾಹ್ನ. ಕೆರೆ ಏರಿಯ ಕೆಳಗಿನ ಹೊಂಗೆಮರದ ನೆರಳಲ್ಲಿ ದಪ್ಪನೆಯ ಗಂಡಸೊಬ್ಬ ಬರೀ ಲಂಗೋಟಿಯಲ್ಲಿ ಬಿದ್ದಿದ್ದ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅವನ ಮೇಲೆ ಕೊಡಗಟ್ಟಲೆ ನೀರು ಸುರಿಯುತ್ತ, ನಡುನಡುವೆ ಕೆನ್ನೆಗೆ ಪಟಪಟ ಬಾರಿಸುತ್ತ, ಅವನ ವಂಶದ ಹಿಂದಿನ ತಲೆಮಾರುಗಳನ್ನೆಲ್ಲ ಒಂದೊಂದಾಗಿ ಎಬ್ಬಿಸಿ ಬಯ್ಯುತ್ತಿದ್ದಳು. ಕುಡುಕ ಗಂಡ, ರೋಸಿಹೋದ ಹೆಂಡತಿ ಎಂದು ಈ ಲೇಖಕ ನಿಂತಲ್ಲೇ ಕತೆ ಕಟ್ಟಿ ಮುಗಿಸಿದ. ಪಾನನಿರೋಧದ ಮೇಲೊಂದು ಭಾಷಣಕ್ಕಾಗುವಷ್ಟು ಕನಿಕರವೂ ಹುಟ್ಟಿತು.

ಆ ಮನುಷ್ಯ ಜನ್ಮದಲ್ಲಿ ಹೆಂಡದ ಹನಿ ಮುಟ್ಟಿದವನಲ್ಲ. ಆಕೆಯ ಗಂಡನಂತೂ ಅಲ್ಲವೇ ಅಲ್ಲ. ಊರಿನಲ್ಲಿ ಅಂಬಮ್ಮನಿಗೆ ಆಗದವರು ಬೇಕಾದಷ್ಟು ಜನ ಇದ್ದರು. ಅವರಲ್ಲೆಲ್ಲ ಮೊದಲ ಮಣೆ ಈ ಮನುಷ್ಯನದು.

ಅಂಬಮ್ಮ ಹುಟ್ಟಿದ್ದು ದೇವನೂರು ಕಡೆ, ಕುರಿ ಸಾಕುವವರ ಮನೆಯಲ್ಲಿ. ಕೊಟ್ಟದ್ದು ಯಗಟಿಯ ಅಂಜಿನಪ್ಪನಿಗೆ, ಅದೂ ಕುರಿಯ ಮನೆಯೇ. ಅಂಜಿನಪ್ಪ ಮಾತಿಲ್ಲದ ಮನುಷ್ಯ. ಬೇಸಿಗೆ ಬಂತೆಂದರೆ ದೊಡ್ಡ ಹಿಂಡನ್ನು ಹೊಡೆದುಕೊಂಡು ಹಸಿರು ಇರುವ ಕಡೆಗೆ ಹೊರಟುಬಿಡುವನು, ಮುಂಗಾರು ಬಿದ್ದಮೇಲೆ ಬರುವನು. ಮನೆಯ ಪಾಲಿನ ಮಾತನ್ನೂ ಜಗಳವನ್ನೂ ಹೆಂಡತಿಗೇ ವಹಿಸಿದ್ದ. ಆಕೆ ಕೊರತೆ ಮಾಡಲಿಲ್ಲ. ಬದುಕಿರುವ ತನಕ ಅತ್ತೆಯ ಜೊತೆ ದಿನಾ ಕಾದಾಡಿದಳು, ಅತ್ತೆ ಹೋದ ಮೇಲೆ ಓಣಿಯ ಜೊತೆ. ಗಬ್ಬದ ಕುರಿ, ಎಳೆಯ ಮರಿಗಳನ್ನು ಗಂಡ ಇವಳ ಪಾಲಿಗೆ ಬಿಟ್ಟು ಹೋಗುತ್ತಿದ್ದುದರಿಂದ ಮನೆಯ ಹಿಂದಿನ ದೊಡ್ಡಿಯೇ ಅವಳ ರಾಜ್ಯ. ಆ ರಾಜ್ಯಕ್ಕೆ ಒಂದು ಗೋಡೆ. ಗೋಡೆಯ ಆಚೆ ಈರಭದ್ರಪ್ಪನ ಗರಡಿ ಮನೆ.

ಈರಭದ್ರಪ್ಪನಿಗೆ ಪೇಟೆಬೀದಿಯಲ್ಲಿ ಕೊಬ್ಬರಿ ಅಂಗಡಿ. ಆದರೆ ಕೊಬ್ಬರಿ ವ್ಯಾಪಾರಿ ಎಂದರೆ ಅವನಿಗೆ ಆಗದು, ‘ಉಸ್ತಾದರೇ’ ಎನ್ನಬೇಕು. ಹರೆಯದಲ್ಲಿ ಬುಕ್ಕಾಂಬುಧಿಯಲ್ಲೊಮ್ಮೆ ಯಾರನ್ನೋ ಚಿತ್ ಮಾಡಿದ್ದನಂತೆ. ಚಿತ್ತಾದವನ ಗಾತ್ರ ವರ್ಷ ವರ್ಷವೂ ಬೆಳೆಯುತ್ತಿತ್ತು. ಉಸ್ತಾದರ ಹೊಟ್ಟೆಯೂ ಅದರ ಸಮಕ್ಕೆ ಬೆಳೆಯುತ್ತಿತ್ತು.

ಗರಡಿಯಲ್ಲಿ ಕುಸ್ತಿಯಾಡುವ ಅಂಕಣಕ್ಕೆ ಕೆಮ್ಮಣ್ಣು ಬೇಕು. ಶಿಷ್ಯರು ಸೋಮಾರಿಗಳು, ದೂರ ಹೋಗುವ ಬದಲು ಅಂಬಮ್ಮನ ಗೋಡೆಯ ಬುಡವನ್ನೇ ಸ್ವಲ್ಪ ಸ್ವಲ್ಪವಾಗಿ ಕೆರೆದು ಒಯ್ದರು. ಕಾರ್ತಿಕದ ಮಳೆ ಒಂದು ಸಲ ಜೋರಾಗಿ ಬಿತ್ತು, ಗೋಡೆ ಕೂತುಬಿಟ್ಟಿತು. ಮಾರನೆಯ ದಿನವೇ ತೋಳ ಬಂದು ಎರಡು ಮರಿಗಳ ಕತೆ ಮುಗಿಸಿತು. ಅಂಬಮ್ಮ ಬಾಯಿ ಬಡಿದುಕೊಳ್ಳಲಿಲ್ಲ. ತೋಳ ತಿಂದು ಬಿಟ್ಟ ಅರ್ಧ ಮರಿಯನ್ನು ಗೋಣಿಯಲ್ಲಿ ತಂದು, ಲಿಂಗ ಕಟ್ಟಿದ ಈರಭದ್ರಪ್ಪನ ಅಂಗಡಿ ಹೊಸಿಲ ಮೇಲೆ ಸುರಿದು, ಸೆರಗು ಕೊಡವಿಕೊಂಡು ಹೋದಳು.

ಚಾವಡಿ ಸೇರಿತು. ಹಿರಿಯರಾದ ತೀರ್ಥಪ್ಪನವರು, “ಆಗಿದ್ದಾಯ್ತು, ಆಳಿಟ್ಟು ಗೋಡೆ ಕಟ್ಟಿಸ್ಕೊಡಪ್ಪ” ಎಂದರು.

“ಆಳಿಟ್ರೆ ನಾನೊಪ್ಪಲ್ಲ. ಮಣ್ಣು ಹೋಗಿದ್ದು ಅವ್ರ ಗರಡಿಗೆ. ಮಣ್ಣು ತುಳ್ಯೋದೂ ಅವ್ರ ಕಾಲೇ ಆಗ್ಬೇಕು” ಎಂದಳು ಅಂಬಮ್ಮ.

ಜನ ನಕ್ಕರು. ನಕ್ಕ ಜನದೆದುರು ದೊಡ್ಡವನಾಗುವ ಅವಕಾಶವನ್ನು ಈರಭದ್ರಪ್ಪ ಬಿಟ್ಟವನೇ ಅಲ್ಲ. ಹಣೆಯ ವಿಭೂತಿ ಮುಟ್ಟಿ, “ಇದರಾಣೆ ಕಣಮ್ಮ. ನಾನೇ, ನನ್ ಕೈಯಾರೆ ಕಟ್ಕೊಡ್ತೀನಿ. ಅಜ್ಜಂಪುರದ ಕುಸ್ತಿ ಒಂದು ಮುಗೀಲಿ” ಎಂದುಬಿಟ್ಟ.

ಆ ಚಾವಡಿಯಲ್ಲಿ ವಿಭೂತಿ ಮುಟ್ಟಿ ಆಡಿದ ಮಾತು ಆಡಿದವನ ತಲೆಗೇ. ತಮ್ಮನಾಗಲಿ ಮಗನಾಗಲಿ ಅದಕ್ಕೆ ಹೊಣೆಯಲ್ಲ. ಆಡಿದವನು ಸತ್ತರೆ ಮಾತೂ ಅವನ ಜೊತೆಗೇ ಗುಂಡಿಗೆ. ಅಂಬಮ್ಮ ಮುರಿದ ಗೋಡೆಯ ಬಾಯಿಗೆ ಜಾಲಿಮುಳ್ಳು ಒಟ್ಟಿ, ಅದಕ್ಕೆ ಅಡ್ಡಲಾಗಿ ದೊಣ್ಣೆ ಹಿಡಿದು ಮಲಗುತ್ತ, ಆ ಮಾತಿಗೆ ಕಾದಳು.

ಅಜ್ಜಂಪುರದ ಕುಸ್ತಿಯಲ್ಲಿ ಆ ವರ್ಷ ಹಳೆಯ ಪೈಲ್ವಾನರಿಗೂ ಒಂದು ಜೋಡಿ ಇಟ್ಟಿದ್ದರು. ತರೀಕೆರೆಯ ಬೆನಕಪ್ಪ ಎಂಬಾತ, ‘ಯಗಟಿ ಉಸ್ತಾದರು ಹೊಟ್ಟೆಯನ್ನ ಅಂಗಡೀಲಿ ಬಿಟ್ಟು ಬರೋದಾದ್ರೆ ನಾನು ತಯಾರು’ ಎಂದು ಹೇಳಿ ಕಳಿಸಿದ. ತೂಕ ಸಮ ಇಲ್ಲದಿದ್ದರೆ ಜೋಡಿ ಕಟ್ಟುವುದಿಲ್ಲ. ಈರಭದ್ರಪ್ಪನ ಮಾನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು.

ಆ ಹೊಟ್ಟೆ ಇಳಿಸಲು ಅವನು ಹಿಡಿದದ್ದು ಗರಡಿಯ ಹಳೇ ದಾರಿ. ಎರಡು ಕರಿ ಕಂಬಳಿ ಹೊದ್ದು, ಸೊಂಟಕ್ಕೆ ಹಗ್ಗ ಬಿಗಿದು, ಹೊತ್ತು ನೆತ್ತಿಗೆ ಬಂದಾಗ ಕೆರೆ ಏರಿಯ ಮೇಲೆ ಓಡುವುದು. ನೀರು ಮುಟ್ಟುವಂತಿಲ್ಲ. ‘ಸಾಮು ಮಾಡ್ವಾಗ ಕುಡ್ದ ನೀರು ಮೈಯ ಕೀಲು ಸಡಿಲ ಮಾಡ್ತದೆ’ ಎಂಬುದು ಅವನ ಸಿದ್ಧಾಂತ. ಹಿಂದಿನ ವರ್ಷ ಇದೇ ಸಿದ್ಧಾಂತದಿಂದ ಪಕ್ಕದ ಊರಿನ ಗಟ್ಟಿಮುಟ್ಟಾದ ಹುಡುಗನೊಬ್ಬ ದಂಡ ಹೊಡೆಯುತ್ತಲೇ ಬಿದ್ದು ಏಳದೆ ಹೋಗಿದ್ದ. ಅದಕ್ಕೆ ಮಾಟ ಎಂದರು, ಕೆಟ್ಟ ಕಣ್ಣು ಎಂದರು. ಬಿಸಿಲು ಎಂದು ಮಾತ್ರ ಯಾರೂ ಹೇಳಲಿಲ್ಲ, ಏಕೆಂದರೆ ಬಿಸಿಲು ದಿನಾ ಇರುತ್ತದೆ.

ಮೊದಲ ದಿನ ಏರಿಯ ಕೆಳಗೆ ಕುರಿಗಳಿಗೆ ನೀರು ಕುಡಿಸುತ್ತಿದ್ದ ಅಂಬಮ್ಮ ಈ ಕಪ್ಪು ಮೂಟೆ ಉರುಳುವುದನ್ನು ನೋಡಿದಳು.

“ಸಾವ್ಕಾರ್ರೇ, ನಾಯಿನೂ ನೆರಳು ಬಿಟ್ಟು ಈಚೆಗ್ ಬಂದಿಲ್ಲ!”

“ನಾಯಿ ಕುಸ್ತಿ ಆಡಲ್ಲ ಕಣೇ ಮೂದೇವಿ.”

“ಓಡ್ರಿ ಓಡ್ರಿ. ಗೋಡೆ ಕಟ್ಟಾಕೂ ಹಿಂಗೇ ಓಡ್ಬನ್ನಿ.”

ಎರಡನೆಯ ದಿನವೂ ಇದೇ ಆರತಿ, ಇದೇ ಮಂಗಳ. ಉಸ್ತಾದ ಬೆವರಿನಲ್ಲಿ ಮಿಂದು ಮನೆ ಸೇರಿ, ಪಂಚೆ ಸಡಿಲವಾಗಿದೆ ಎಂದು ಅಂಗಡಿಗೆ ಬಂದವರಿಗೆಲ್ಲ ಎಳೆದು ತೋರಿಸಿದ.

ಮೂರನೆಯ ದಿನ ಗಾಳಿಯೇ ಇರಲಿಲ್ಲ. ಅವನು ಏರಿಯಿಂದ ಇಳಿದು ಬರುವಾಗ ಕಾಲು ಒಂದಕ್ಕೊಂದು ತೊಡರುತ್ತಿತ್ತು. ಮುಖ ಸುಟ್ಟ ಇಟ್ಟಿಗೆಯಂತೆ ಕೆಂಪು. ಅಂಬಮ್ಮ ಬೈಗುಳ ಹೊಂಚಿಕೊಂಡೇ ನಿಂತಿದ್ದಳು. ಅವನು ನೇರ ಅವಳ ಮುಂದೆ ಬಂದು, ಕಣ್ಣು ಎಲ್ಲೋ ನೆಟ್ಟು, “ಅವ್ವಾ, ಎತ್ತು ಕಟ್ಟಿದ್ಯಾ?” ಎಂದ.

ಮೂದೇವಿಗಿಂತ ಮೇಲಿನ ಹೆಸರಲ್ಲಿ ಅವನು ಅವಳನ್ನು ಎಂದೂ ಕರೆದವನಲ್ಲ. ಇವನ ತಲೆ ಇವನದ್ದಾಗಿ ಉಳಿದಿಲ್ಲ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಆಳು ಬೋರಲು ಬಿದ್ದು ಕೈಕಾಲು ಅದುರಿಸತೊಡಗಿದ.

ಹಿಂದೆ ನೆರಳಿಂದ ನೆರಳಿಗೆ ಬರುತ್ತಿದ್ದ ಶಿಷ್ಯರು ಓಡಿಬಂದರು. ಅವರಲ್ಲಿ ಹಿರಿಯ ಪುಟ್ಟಯ್ಯ, ಗುರುವಿನಷ್ಟೇ ತಿಳಿದವನು, “ಮೂರ್ಛೆ! ಕಬ್ಬಿಣ ಕೊಡ್ರೋ!” ಎಂದು ಗರಡಿಯ ಬೀಗದಕೈ ಗೊಂಚಲನ್ನು ಉಸ್ತಾದರ ಮುಷ್ಟಿಗೆ ತುರುಕಿದ. ಇನ್ನೊಬ್ಬ, “ನಡುಗ್ತಾವ್ರೆ, ಚಳಿಜ್ವರ ಕಣ್ರೋ” ಎಂದು ತನ್ನ ಕಂಬಳಿಯನ್ನೂ ಮೇಲೆ ಹೊದಿಸಿದ. ಏಪ್ರಿಲ್ ತಿಂಗಳ ನಡುಹಗಲು ಮೂರು ಕಂಬಳಿಯ ಕೆಳಗೆ ಯಗಟಿಯ ಉಸ್ತಾದರು ಬೇಯತೊಡಗಿದರು.

ಅಂಬಮ್ಮ ಕಂಬಳಿಯೊಳಗೆ ಕೈಯಿಟ್ಟು ನೋಡಿದಳು. ಬೆವರಿನ ಪಸೆಯೇ ಇಲ್ಲ, ರೊಟ್ಟಿಗೆ ಕಾದ ಹೆಂಚು. ಬಿರುಬೇಸಿಗೆಯಲ್ಲಿ ನಡೆಸಿ ನಡೆಸಿ ಬಿದ್ದ ಟಗರು ಅವಳ ಕಣ್ಣಿಗೆ ಕಟ್ಟಿತು. ಅಂಥವು ಬದುಕಿದ್ದೂ ಉಂಟು, ಸತ್ತಿದ್ದೂ ಉಂಟು. ಹೊದಿಸಿದ್ದು ಮಾತ್ರ ಒಂದೂ ಉಳಿದಿರಲಿಲ್ಲ.

“ತೆಗೀರೋ ಕಂಬಳಿ, ಹಾಳಾದೋರಾ! ನೆರಳಿಗೆ ಎಳೀರಿ! ಕುರಿ ಬಾನೀಲಿ ನೀರೈತೆ, ತನ್ನಿ!”

“ಕಾದ ಮೈಗೆ ತಣ್ಣೀರು ಬಿದ್ರೆ ಸೀತ ಹೊಡ್ದು ಸತ್ತೋಗ್ತಾರೆ ಕಣಮ್ಮ” ಎಂದ ಪುಟ್ಟಯ್ಯ.

“ಈಗೇನು ಮದ್ವೆ ಆಗ್ತಾವ್ನಾ? ತತ್ತಾರೋ!”

ಕುಡುಗೋಲಿನಿಂದ ಸೊಂಟದ ಹಗ್ಗ ಕೊಯ್ದಳು. ಕತ್ತು, ಕಂಕುಳು, ತೊಡೆಸಂದು ಎನ್ನದೆ ಕೊಡ ಕೊಡ ಸುರಿದಳು. ಶಿಷ್ಯರಿಗೆ ಟವೆಲ್ಲು ಬೀಸಲು ಹಚ್ಚಿದಳು. ಪುಟ್ಟಯ್ಯ ಈಗ ಹುರುಪಿಗೆ ಬಂದು ಗುರುವಿನ ಬಾಯಿಗೇ ಚೊಂಬು ಹಿಡಿದಾಗ ಅವನ ಕೈಗೊಂದು ಬಿಟ್ಟಳು: “ಎಚ್ರ ಇಲ್ದೋನ ಗಂಟ್ಲಿಗೆ ನೀರು ಬಿಡ್ತೀಯೇನೋ? ಉಸುರು ಕಟ್ಟಿ ಹೋಗ್ತಾನೆ!” ನಡುವೆ ಕೆನ್ನೆಗೆ ಬಾರಿಸಿದ್ದು ಎಚ್ಚರ ತರಿಸಲೆಂದು ಆಮೇಲೆ ಹೇಳಿಕೊಂಡಳು. ನೋಡಿದವರ ಪ್ರಕಾರ ಅದರಲ್ಲಿ ಎರಡು ಏಟು ಮರಿಗಳ ಲೆಕ್ಕದ್ದು.

ಈ ಲೇಖಕ ಇಳಿದ ಬಸ್ಸಿಗೇ ಉಸ್ತಾದರನ್ನು ಹತ್ತಿಸಿದರು. ನೀರಿನ ಕೊಡ, ಒದ್ದೆ ಬಟ್ಟೆ ಹಿಡಿದು ಅಂಬಮ್ಮನೂ ಹತ್ತಿದಳು.

“ಟಿಕೇಟು ಯಾರ್ ತಗೊಳ್ತೀರಮ್ಮ?” ಎಂದ ಕಂಡಕ್ಟರು.

“ಅವನ ಜೇಬಲ್ಲಿ ತಗೋ.”

“ಲಂಗೋಟಿಗೆ ಎಲ್ಲಮ್ಮ ಜೇಬು?”

“ಹಂಗಾರೆ ಸುಮ್ನೆ ಬಿಡು ಗಾಡಿ, ಹೆಣ ಮಾಡ್ಬೇಡ.”

ಕಡೂರಿನ ತನಕ ಮೈ ಒರೆಸುತ್ತಲೇ ಹೋದಳು. ಬಾಯಿಯೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ, ಮೈ ಇನ್ನೂ ತಣ್ಣಗೆ ಮಾಡಿ, ಡಾಕ್ಟರು ಹೊರಗೆ ಬಂದು ಪುಟ್ಟಯ್ಯನನ್ನು ಹಿಡಿದು ಜಾಡಿಸಿದರು. ಪ್ರಾಣಕ್ಕೆ ಇನ್ನೂ ಭರವಸೆ ಇಲ್ಲ, ಇಷ್ಟು ಕಾವು ಏರಿದರೆ ಮಿದುಳು, ಮೂತ್ರಪಿಂಡ ಎರಡೂ ಕೆಡುತ್ತವೆ, ದಾರಿಯಲ್ಲಿ ತಣಿಸದೆ ತಂದಿದ್ದರೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದರು. ಅಂಬಮ್ಮ ಕೇಳಿದ್ದು ಒಂದೇ: “ಕೈಕಾಲು ಬರ್ತವಾ?”

ಕೈಕಾಲು ಬಂದವು. ಈರಭದ್ರಪ್ಪ ಒಣಗಿದ ಕೊಬ್ಬರಿಯಂತಾಗಿ ಊರಿಗೆ ಮರಳಿದ. ಅಷ್ಟರಲ್ಲಿ ಅಜ್ಜಂಪುರದ ಕುಸ್ತಿ ಮುಗಿದು, ಬೆನಕಪ್ಪ ಎದುರಾಳಿಯಿಲ್ಲದೆ ಗೆದ್ದು ಹಾರ ಹಾಕಿಸಿಕೊಂಡಿದ್ದ. ಆ ಉರಿಗೋ ಏನೋ, ಬಂದವನು ಮೊದಲು ಮಾಡಿದ್ದು ಚಾವಡಿಗೆ ದೂರು.

“ಕುರಿ ಮೂತಿಯಿಟ್ಟ ನೀರು ನನ್ ಮೈಮೇಲೆ ಸುರಿದವ್ಳೆ! ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡ್ದವ್ಳೆ! ಮಾನ ಹೋಯ್ತು!”

“ಜೀವ ಉಳೀತಲ್ಲಪ್ಪ” ಎಂದರು ತೀರ್ಥಪ್ಪನವರು.

“ಅದು ಉಳ್ದಿದ್ದು ನನ್ ಸಾಮಿನ ಬಲದಿಂದ!”

ಅಂಬಮ್ಮ ಕಂಬಕ್ಕೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದವಳು ಉಗಿದು ಬಂದು, “ಕುಸ್ತಿ ಮುಗೀತು. ಗೋಡೆ?” ಎಂದಳು.

ಚಾವಡಿ ಉಸ್ತಾದರ ಹಣೆಯ ವಿಭೂತಿಯನ್ನೇ ನೋಡಿತು. ಒರೆಸಿಕೊಂಡು ಹೋಗುವಂತಿರಲಿಲ್ಲ.

ಬಿಸಿಲಿಗೆ ಹೋಗಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಈರಭದ್ರಪ್ಪ ಕೋಳಿ ಕೂಗುವ ಹೊತ್ತಿಗೇ ಬಂದು ಮಣ್ಣು ತುಳಿಯುವನು, ಹೊತ್ತು ಏರುವ ಮುಂಚೆ ಕಾಲು ತೊಳೆದು ಹೋಗುವನು. ಅಂಬಮ್ಮ ಎದುರಿನ ಒರಳುಕಲ್ಲಿನ ಮೇಲೆ ಕೂತು ಗೋಡೆಯ ವರಸೆ ವರಸೆಗೂ ಹುಳುಕು ತೆಗೆಯುವಳು. ಮುಂಗಾರಿನ ಜೊತೆ ಹಿಂಡು ಹೊಡೆದುಕೊಂಡು ಬಂದ ಅಂಜಿನಪ್ಪ, ಪೇಟೆಯ ಸಾವ್ಕಾರರು ತನ್ನ ಹಿತ್ತಲಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತದ್ದನ್ನು ನೋಡಿ, ಏನೂ ಕೇಳದೆ ಕುರಿಗಳನ್ನು ಒಳಕ್ಕೆ ಕೂಡಿದ. ಗೋಡೆ ಎದ್ದಿತು. ನಡುವೆ ಒಂದು ಕಡೆ ಉಬ್ಬಿದೆ, ಉಸ್ತಾದರ ಹಳೇ ಹೊಟ್ಟೆಯ ಹಾಗೆ. ತೋಳ ಮತ್ತೆ ಒಳಗೆ ಬಂದಿಲ್ಲ.

ಗರಡಿಯ ಬಾಗಿಲಲ್ಲಿ ಈಗ ನೀರು ತುಂಬಿದ ದೊಡ್ಡದೊಂದು ಮಡಕೆ ಇದೆ. ಅದು ಗುಬ್ಬಿಗಳಿಗೆ ಎಂದು ಉಸ್ತಾದರು ಹೇಳುತ್ತಾರೆ. ಸಾಮು ಬೆಳಗಿನ ಹೊತ್ತಿಗೆ ಬದಲಾದದ್ದು ಶಾಸ್ತ್ರದ ಪ್ರಕಾರವಂತೆ. ಅಂಬಮ್ಮನನ್ನು ಅವರು ಮತ್ತೆ ಮೂದೇವಿ ಎಂದೇ ಕರೆಯುತ್ತಾರೆ. ಅದನ್ನು ಕೇಳಿ, ‘ತಲೆ ನೆಟ್ಟಗಾಯ್ತು’ ಎಂದು ಅವಳು ಹೇಳಿದಳಂತೆ.

ಇಷ್ಟೆಲ್ಲ ತಿಳಿದ ಮೇಲೆ ಈ ಲೇಖಕ ಒಂದು ದಿನ ಆ ಗೋಡೆಯ ಹತ್ತಿರ ನಿಂತು, ಪುಸ್ತಕ ಓದಿದವರಿಗೆ ಸಹಜವಾದ ಮೃದು ದನಿಯಲ್ಲಿ ಕೇಳಿದ: “ಅಲ್ಲಮ್ಮ, ಅಷ್ಟು ಹಗೆಯಿದ್ದರೂ ಆವತ್ತು ಅವರನ್ನು ಉಳಿಸಿದಿರಲ್ಲ, ಆ ಗಳಿಗೆಯಲ್ಲಿ ನಿಮ್ಮ ಮನಸ್ಸು ಕರಗಿತೇ?”

ಅಂಬಮ್ಮ ಅವನ ಕೈಗಳನ್ನು ಒಂದು ಸಲ ತಿರುವಿ ನೋಡಿದಳು.

“ಅವ್ನು ಸತ್ತಿದ್ರೆ ಗೋಡೆ ಯಾರ್ ಕಟ್ತಿದ್ರು, ನೀವಾ? ಈ ಕೈಯಲ್ಲಿ ಒಂದು ಬೆರಣಿ ತಟ್ಟಾಕಾಗಲ್ಲ. ಅತ್ಲಾಗ್ ನಿಲ್ರಿ, ಕುರಿ ಬರ್ತವೆ.”