ಪರದೆ ಡಬ್ಬಿಗೆ ಹಚ್ಚಿದ ವಿಭೂತಿ

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಆದರೂ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿನ ನಮ್ಮ ಮನೆಯ ಕಿಟಕಿ ಪರದೆಗೆ ರಿಮೋಟು ಹೊಂದಿಸಿದವಳು ನಾನು. ಅದನ್ನು ಕೆಡಿಸಿದವಳೂ ನಾನೇ ಆದ್ದರಿಂದ ಹೊಗಳಿಕೊಳ್ಳುವಂಥದ್ದು ಏನಿಲ್ಲ.

ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡ ಲಾರಿಗಳು ಹೊಸಪೇಟೆಯ ಮೇಲೆ ಹಗಲಿಡೀ ಹಾಯುತ್ತಿದ್ದ ಕಾಲ ಅದು. ಬೆಳಿಗ್ಗೆ ಒಣಹಾಕಿದ ಬಿಳಿ ಧೋತರ ಮಧ್ಯಾಹ್ನಕ್ಕೆ ಕೆಂಪಗಾಗುತ್ತಿತ್ತು. ನಮ್ಮ ಮನೆಯವರು ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಲೋಡಿಂಗ್ ಮೇಸ್ತ್ರಿ. ಅವರು ಸೀಟಿ ಊದಿದರೆ ಲಾರಿ ಮುಂದೆ ಬರಬೇಕು, ಮತ್ತೊಮ್ಮೆ ಊದಿದರೆ ನಿಲ್ಲಬೇಕು. ಒಂದು ದಿನ ಮುಂಜಾನೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ಸಿಟ್ಟೂ ಉಳಿಯಿತು.

ಮಂಚ ಹಾಕಿದ್ದು ಬೀದಿ ಕಡೆಯ ಖೋಲಿಯಲ್ಲಿ. ಬೇರೆ ಜಾಗವಿರಲಿಲ್ಲ. ಧೂಳಿನ ಕಾಟಕ್ಕೆ ಕಿಟಕಿಯ ಗಾಜು ಸದಾ ಮುಚ್ಚಿರುತ್ತಿತ್ತು. ಗಾಜು ಧೂಳು ತಡೆಯುತ್ತದೆ, ಕಣ್ಣು ತಡೆಯುವುದಿಲ್ಲ. ಹೋಗುವವರು ಬರುವವರು ನಿಂತು ಇಣುಕುತ್ತಿದ್ದರು. ಮಧ್ಯಾಹ್ನವಾದರೆ ಬಿಸಿಲು ನೇರ ಮುಖಕ್ಕೆ. ಪರದೆ ಎಳೆಯಲು ನಾನು ಬೇಕು, ಸರಿಸಲೂ ನಾನೇ ಬೇಕು. ಅವರು ಎಡಗೈಯಲ್ಲಿ ಸ್ಟೀಲಿನ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದರು. ರೊಟ್ಟಿ ತಟ್ಟುತ್ತಿದ್ದರೂ ಏಳಬೇಕು, ಬಚ್ಚಲಲ್ಲಿದ್ದರೂ ಏಳಬೇಕು.

ದಸರೆಗೆ ಬನ್ನಿ ಎಲೆ ಹಿಡಿದು ಹಿರಿಯರ ಮನೆಗೆ ಹೋಗಿ ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ಲಕ್ವ ಹೊಡೆದ ವರ್ಷವೂ ಅವರ ಕೈಕೆಳಗೆ ದುಡಿದವರು ಏಳೆಂಟು ಜನ ಬಂದರು. ಹಬ್ಬವೆಂದು ನಾನು ಪರದೆ ಬಟ್ಟೆಯನ್ನು ಒಗೆಯಲು ಹಾಕಿದ್ದೆ. ಅವರು ಬಂದ ಹೊತ್ತಿಗೆ ಇವರ ಧೋತರ ಬದಲಿಸುತ್ತಿದ್ದೆ. ಬಂದವರು ಗಾಜಿನಾಚೆ ನಿಂತು ನೋಡಿದರು, ಆಮೇಲೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಇವರು ಗೋಡೆಗೆ ಮುಖ ಮಾಡಿ, "ಇನ್ಮ್ಯಾಲೆ ಯಾರೂ ಬರಾದು ಬ್ಯಾಡ" ಎಂದರು. ವರ್ಷವಿಡೀ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನಮ್ಮ ಮಗಳು, ಅಳಿಯ ಹಿತ್ತಲಿನ ಎರಡು ಖೋಲಿಯಲ್ಲಿದ್ದರು. ಅಳಿಯ ಕಂಪ್ಲಿಯವರು. ಗಣಿಯ ದುಡ್ಡಿನಲ್ಲಿ ಎದ್ದ ಬಂಗಲೆಗಳ ಕಿಟಕಿಗೆ ಮೋಟಾರು ಪರದೆ ಕೂಡಿಸುವುದು ಅವರ ಕೆಲಸ. ಗುಂಡಿ ಒತ್ತಿದರೆ ಬಟ್ಟೆ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ, ಮತ್ತೊಂದು ಒತ್ತಿದರೆ ಇಳಿಯುತ್ತದೆ. ಸಂಡೂರಿನ ಒಬ್ಬ ಬಂಗಲೆಯಾಕೆ ಬಣ್ಣ ಸೇರಲಿಲ್ಲವೆಂದು ಹೊಸ ಪರದೆಯನ್ನೇ ಬಿಚ್ಚಿಸಿದಳಂತೆ. ಅಳಿಯ ಅದನ್ನು ತಂದು ಮಾವನ ಕಿಟಕಿಗೆ ಹಾಕಿದರು. ಬಣ್ಣ ನನಗೂ ಸೇರಲಿಲ್ಲ. ಆದರೆ ನನ್ನನ್ನು ಯಾರು ಕೇಳಿದರು?

ಕಿಟಕಿಯ ಮೇಲೆ ಸೋಪಿನ ಡಬ್ಬಿಯಷ್ಟು ಒಂದು ಬಿಳಿ ಡಬ್ಬಿ. ರಿಮೋಟು ಒತ್ತಿದರೆ ಸುದ್ದಿ ರೇಡಿಯೋದ ಹಾಗೆ ಗಾಳಿಯಲ್ಲಿ ಡಬ್ಬಿಗೆ ಮುಟ್ಟುತ್ತದೆ. ಮುಟ್ಟಿತು ಎಂದು ಡಬ್ಬಿ ವಾಪಸು ತಿಳಿಸುತ್ತದೆ, ಆಗ ರಿಮೋಟಿನ ಮೇಲೆ ಹಸಿರು ದೀಪ ಹತ್ತುತ್ತದೆ. ಯಾವ ರಿಮೋಟು ತನ್ನದು ಎಂದು ಡಬ್ಬಿಗೆ ಒಮ್ಮೆ ಗುರುತು ಮಾಡಿಸಬೇಕು. ಇದನ್ನೆಲ್ಲ ಅಳಿಯ ಮಗಳಿಗೆ ಹೇಳಿದರು, ಮಗಳು ನನಗೆ ಹೇಳಿದಳು. ಅಳಿಯನ ಎದುರು ನಿಂತು ನಾನು ಮಾತಾಡುವವಳಲ್ಲ. ಅವರು ಬಂದರೆ ಸೆರಗು ಹೊದ್ದು ಒಳಗೆ ಹೋಗುತ್ತೇನೆ. ನನ್ನ ತಾಯಿಯೂ ಹಾಗೇ ಇದ್ದಳು. ಒಂದೇ ನಲ್ಲಿಯ ನೀರು ಕುಡಿದುಕೊಂಡು ಮೂರು ವರ್ಷವಾಗಿದ್ದರೂ ನಮ್ಮಿಬ್ಬರ ಮಾತೆಲ್ಲ ಮಗಳ ಬಾಯಲ್ಲೇ.

ರಿಮೋಟು ಎಡಗೈಗೆ ಬಂದ ದಿನದಿಂದ ಲೋಟ ಸುಮ್ಮನಾಯಿತು. ಇವರ ಮೇಲಿನ ಮರುಕಕ್ಕೆ ಹೇಳುವ ಮಾತಲ್ಲ, ನನ್ನ ಕಿವಿಗೆ ಸುಖವಾಯಿತು. ಇವರಂತೂ ಬೀದಿಗೆ ದೊರೆಯಾದರು. ಇಣುಕಿದವರ ಮುಖಕ್ಕೇ ಪರದೆ ಇಳಿಸುವುದು, ಅವರು ಹೋದ ಮೇಲೆ ಏರಿಸುವುದು. ದಸರೆ ಹತ್ತಿರ ಬಂದಾಗ ತಾವೇ ಹೇಳಿದರು: "ಈ ಸಲ ಹುಡುಗ್ರು ಬನ್ನಿ ತಗಂಡು ಬರ್ಲಿ. ನನಗ ಬೇಕಂದ್ರ ತಗೀತೀನಿ, ಬ್ಯಾಡಂದ್ರ ಮುಚ್ತೀನಿ." ಮಗಳು ಅವರಿಗೆಲ್ಲ ಫೋನು ಮಾಡಿ ತಿಳಿಸಿದಳು.

ಬನ್ನಿಯ ಹಿಂದಿನ ದಿನ ಆಯುಧ ಪೂಜೆ. ಕುಡುಗೋಲು, ಈಳಿಗೆ, ಹೊಲಿಗೆ ಮಷೀನು, ಎಲ್ಲವನ್ನೂ ಒರೆಸಿ ವಿಭೂತಿ ಹಚ್ಚಿದೆ. ಈ ಮನೆಯಲ್ಲಿ ನನ್ನ ಬಿಟ್ಟರೆ ಹೆಚ್ಚು ದುಡಿಯುವುದು ಆ ಡಬ್ಬಿಯೇ ಅನ್ನಿಸಿತು. ಸ್ಟೂಲು ಹತ್ತಿ ಅದನ್ನೂ ಒರೆಸಿ, ನೀರಲ್ಲಿ ಗಟ್ಟಿಯಾಗಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದೆ. ನಡುವೆ ಜೋಳದ ಕಾಳಿನಂಥ ಒಂದು ಗುಂಡಿಯಿತ್ತು. ಕುಂಕುಮಕ್ಕೆಂದೇ ಮಾಡಿಟ್ಟ ಹಾಗಿತ್ತು. ಅದರ ಮೇಲೆ ಕುಂಕುಮದ ಹೆಬ್ಬೆರಳು ಊರಿ, ಕಣ್ಣು ಮುಚ್ಚಿ ಐದು ಸಲ ಶಿವಾಯ ನಮಃ ಅಂದು ಕೆಳಗಿಳಿದೆ.

ಮಧ್ಯಾಹ್ನ ಬಿಸಿಲು ಮುಖಕ್ಕೆ ಬಂದಾಗ ಇವರು ರಿಮೋಟು ಒತ್ತಿದರು. ಮೇಲೇರಿದ್ದ ಪರದೆ ಇಳಿಯಲಿಲ್ಲ. ಹಸಿರು ದೀಪವೂ ಇಲ್ಲ. ಲೋಟ ಶುರುವಾಯಿತು.

"ಏನ್ ಮಾಡಿದಿ ಇದಕ್ಕ?"

"ಪೂಜಿ ಮಾಡೀನಿ."

"ದುಡಿಯಾದು ನಿಲ್ಲಿಸಿಬಿಡ್ತು ನೋಡು ನಿನ್ನ ಪೂಜಿಗೆ."

"ಸೀರಿ ಕಟ್ತೀನಿ ತಡೀರಿ ಅಡ್ಡ."

"ಸೀರಿ ಕಟ್ಟಿದ್ರ ನಾಳಿಗೆ ಮತ್ತ ನಿನ್ನೇ ಕರೀಬೇಕು. ಬ್ಯಾಡ. ಹುಡುಗ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಿಸು." ಮತ್ತೆ ಗೋಡೆಗೆ ತಿರುಗಿದರು. ಹೋದ ವರ್ಷದ ಅದೇ ಗೋಡೆ.

ಅಳಿಯ ಸಂಡೂರಿನ ಬಂಗಲೆಯಲ್ಲಿದ್ದರು, ಮರುದಿನ ಸಂಜೆಯವರೆಗೆ ಬರುವಂತಿರಲಿಲ್ಲ. ಮಗಳು ಫೋನು ಹಚ್ಚಿದಳು. ಗುಂಡಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿದರೆ ಡಬ್ಬಿ ಎಲ್ಲ ಮರೆತುಬಿಡುತ್ತದಂತೆ. ಮೊದಲಿನಿಂದ ಗುರುತು ಮಾಡಿಸಬೇಕಂತೆ. ಮಗಳು ಆಗ ಎಂಟು ತಿಂಗಳ ಬಸುರಿ, ಸ್ಟೂಲು ಹತ್ತಿಸುವ ಹಾಗಿಲ್ಲ. ನಾನೇ ಹತ್ತಿದೆ. ಒಣಗಿದ ವಿಭೂತಿಗೆ ಗುಂಡಿ ಒಳಗೇ ಕಚ್ಚಿಕೊಂಡಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸುತ್ತ ಕೆರೆದೆ. ಟಕ್ಕೆಂದು ಮೇಲೆ ಬಂತು.

ಕೆಲಸ ಹೀಗೆ: ಗುಂಡಿ ಒಮ್ಮೆ ಒತ್ತಿದರೆ ಡಬ್ಬಿಯ ಮೇಲೆ ಕೆಂಪು ದೀಪ. ಅದು ಇರುವುದು ಹತ್ತು ಎಣಿಸುವಷ್ಟು ಹೊತ್ತು. ಅಷ್ಟರೊಳಗೆ ರಿಮೋಟಿನಿಂದ ಎಲ್ಲ ಮುಗಿಸಬೇಕು. ರಿಮೋಟು ಇವರ ಎಡಗೈಯಲ್ಲಿ, ಫೋನು ಮಗಳ ಕಿವಿಯಲ್ಲಿ.

"ಕೆಂಪು ದೀಪ ಹತ್ತೈತೇನಂತ ಕೇಳಾಕತ್ತಾರ."

"ಹತ್ತೈತಿ ಅಂತ ಹೇಳು."

"ಹತ್ತೈತಂತ್ರಿ. ಹ್ಞೂ. ಹ್ಞೂ. ಅವ್ವಾ, ಮ್ಯಾಲಿನ ಗುಂಡಿ, ನಡುವಿನ ಗುಂಡಿ ಎರಡೂ ಕೂಡೇ ಒತ್ತಬೇಕಂತ."

ದೀಪ ಆರಿತ್ತು.

ಎರಡನೇ ಸಲ ಇವರು ಹೆಬ್ಬೆರಳು, ತೋರುಬೆರಳು ಸೇರಿಸಿ ಜಲ್ದಿಯೇ ಒತ್ತಿದರು. ಪರದೆ ಒಮ್ಮೆ ಕುಲುಕಿತು. ಮುಂದೇನು ಎಂದು ಮಗಳು ಕೇಳಿ, ಅಳಿಯ ಹೇಳಿ, ಇವಳು ನನಗೆ ಹೇಳುವಷ್ಟರಲ್ಲಿ ಮತ್ತೆ ಆರಿತು. ಮೂರನೇ ಸಲ ಎರಡು ಸಲ ಕುಲುಕಿತು. ಹಾಗಂದರೇನು? ಕೇಳುವಷ್ಟರಲ್ಲಿ ಅದೂ ಹೋಯಿತು.

ಇವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಆ ಫೋನು ನಿನ್ನ ಕಿವಿಗೆ ಹಿಡಕಾ. ಅಳಿಯ ಅದರಾಗಿಂದ ಹೊರಗ ಬಂದು ನಿನ್ನ ಮುಖ ನೋಡಾಂಗಿಲ್ಲ."

"ಹಂಗ ಮಾತಾಡಾಕ ಬರಂಗಿಲ್ಲ ನನಗ."

"ನನ್ನ ಕೂಡ ಮೂವತ್ತು ವರ್ಷದಿಂದ ಮಾತಾಡಿ ಕಿವಿ ತೂತು ಮಾಡಿದಿ. ಈಗ ಬರಂಗಿಲ್ಲಂತ."

ಮಗಳು ನಕ್ಕು ಫೋನು ಮೇಲೆ ಚಾಚಿದಳು. ತಲೆ ತುಂಬ ಸೆರಗು ಹೊದ್ದೆ. ಸಂಡೂರಿನಲ್ಲಿರುವವರಿಗೆ ಅದು ಕಾಣುವುದಿಲ್ಲ, ಗೊತ್ತಿದೆ. ಫೋನನ್ನು ಆ ಸೆರಗಿನೊಳಗೇ ಕಿವಿಗೆ ಒತ್ತಿ ಕಟ್ಟಿಕೊಂಡೆ. ಎರಡು ಕೈ ಬೇಕಿತ್ತಲ್ಲ.

"ಹೇಳ್ರಿ," ಅಂದೆ.

ಆ ಕಡೆಯಿಂದ ಅಳಿಯನ ದನಿ, "ಅತ್ತಿಯವರಾ?"

"ಹ್ಞೂ. ಜಲ್ದಿ ಹೇಳ್ರಿ, ಸ್ಟೂಲು ಅಳ್ಳಾಡಾಕತ್ತೈತಿ."

"ಗುಂಡಿ ಒತ್ರಿ. ದೀಪ ಬಂತಾ? ಮಾವಾರಿಗೆ ಎರಡೂ ಒತ್ತಾಕ ಹೇಳ್ರಿ. ಎಷ್ಟು ಸಲ ಕುಲುಕ್ತು?"

"ಎರಡು."

"ಅಂದ್ರ ಉಲ್ಟಾ ತಿರುಗೈತಿ. ನಡುವಿಂದು ಒಮ್ಮೆ ಒತ್ತಿಸ್ರಿ. ಈಗ?"

"ಒಂದು."

"ಕೆಳಗಿಂದು ಒತ್ತಿಸ್ರಿ, ಕೈ ಬಿಡಬ್ಯಾಡ್ರಿ."

ನಾನು ಹೇಳಿದಂತೆ ಇವರು ಒತ್ತಿದರು. ಮೋಟಾರು ಗುರ್ ಅಂದಿತು. ಬಂಗಲೆಯಾಕೆಗೆ ಸೇರದ ಆ ಬಟ್ಟೆ ಬಿಸಿಲನ್ನು ಮುಚ್ಚಿಕೊಂಡು ಕೆಳಗಿನವರೆಗೆ ಇಳಿಯಿತು. ರಿಮೋಟಿನಲ್ಲಿ ಹಸಿರು ದೀಪ.

"ಆತು," ಅಂದೆ.

"ಅತ್ತಿ, ಬರೋ ವರ್ಷ ಆ ಡಬ್ಬಿಗೆ ದೂರದಿಂದ ಕೈ ಮುಗೀರಿ, ಸಾಕು."

ಏನು ಹೇಳಬೇಕೋ ತಿಳಿಯದೆ, "ಊಟ ಆತೇನ್ರಿ?" ಅಂದೆ. ಅಳಿಯನನ್ನು ನಾನು ನೇರ ಕೇಳಿದ ಮೊದಲ ಪ್ರಶ್ನೆ ಅದು. ಆಗಿರಲಿಲ್ಲವಂತೆ.

ಬರಬೇಡಿ ಎಂದು ನಾನು ಹೇಳಿ ಕಳಿಸಿರಲಿಲ್ಲ, ಮರುದಿನ ಮುಂಜಾನೆ ಗಣಿಯ ಹುಡುಗರು ಬನ್ನಿ ಹಿಡಿದು ಬಂದರು. ಪರದೆ ಇಳಿದಿತ್ತು. ಗಾಜಿನಾಚೆ ನಿಂತು "ಮೇಸ್ತ್ರೀ" ಎಂದು ಕೂಗಿದರು. ನಾನು ಬಾಗಿಲಲ್ಲಿದ್ದೆ. ಕರೆಯಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಅದು ನನ್ನ ಕೈಯಲ್ಲಿರಲಿಲ್ಲ. ಆಮೇಲೆ ಮೋಟಾರು ಸದ್ದು ಮಾಡಿತು. ಪರದೆ ಒಂದು ಮೊಳ ಎದ್ದು ನಿಂತಿತು. ಮಂಚದಿಂದ ನೋಡಿದರೆ ಬಂದವರ ಸೊಂಟ, ಹೊಟ್ಟೆ ಅಷ್ಟೇ ಕಂಡಿರಬೇಕು.

"ಯಾರ್ದಲೇ ಆ ಹೊಟ್ಟಿ? ನಾನಿಲ್ಲಂತ ಲೋಡಿಂಗ್ ಬಿಟ್ಟು ಬರೇ ಉಣ್ಣಾಕತ್ತೀರೇನು?"

ಹೊರಗೆ ನಗೆ ಎದ್ದಿತು. ಪರದೆ ಪೂರ್ತಿ ಮೇಲೇರಿತು. ಎಲ್ಲರೂ ಒಳಗೆ ಬಂದು, ಬನ್ನಿ ಎಲೆಯನ್ನು ಎಡಗೈಗೆ ಕೊಟ್ಟು ಕಾಲಿಗೆ ಬಿದ್ದರು. ಎಲೆ ತೆಗೆದುಕೊಳ್ಳಲು ಇವರು ರಿಮೋಟನ್ನು ತೊಡೆಯ ಮೇಲಿಟ್ಟರು, ಕೊನೆಯವನು ಎದ್ದ ಮೇಲೆ ಮತ್ತೆ ಹಿಡಿದರು. ಚಹಾ ಕುಡಿದು, ಈಗ ಅಲ್ಲಿ ಯಾರು ಮೇಸ್ತ್ರಿ, ಅವನೆಷ್ಟು ದಡ್ಡ ಎಂದು ಮಾತಾಡಿ ಹೋದರು.

ಅಂಗಳ ಗುಡಿಸುತ್ತಾ ನಾನು ಗಾಜಿನ ಹತ್ತಿರ ಹೋದೆ. ಅಷ್ಟು ಹೊತ್ತು ದಿಂಬಿಗೆ ಒರಗಿ ಕೂತಿದ್ದರಲ್ಲ, ಜಾರಿದ್ದಾರೇನೋ ಎಂದು ಇಣುಕಿದೆ. ಜಾರಿರಲಿಲ್ಲ. ನನ್ನನ್ನೇ ನೋಡಿದರು. ಹೆಬ್ಬೆರಳು ಅಲುಗಿತು.

ಪರದೆ ನನ್ನ ಮುಖದ ಮೇಲೇ ಇಳಿಯಿತು.