ದೇವದುರ್ಗದ ಮೇಲೆ ಹಾಯುವ ವಿಮಾನ

ಕಲಬುರಗಿ ಏರ್‌ಪೋರ್ಟಿನಿಂದ ಬಳ್ಳಾರಿ ಕಡೆಯ ವಿದ್ಯಾನಗರ ಏರ್‌ಪೋರ್ಟಿಗೆ ಎಷ್ಟು ಹೊತ್ತಿನ ದಾರಿ ಗೊತ್ತೇ? ಬರೀ ಮುಕ್ಕಾಲು ತಾಸು! (ನಾನು ಹೇಳಿದ್ದಲ್ಲ, ಮೊಬೈಲ್ ಹೇಳಿದ್ದು.)

ಭಾನುವಾರ ಮಧ್ಯಾಹ್ನ ರಾಯಚೂರಿನ ಮನೆಯಲ್ಲಿ ಉಂಡು ಅಡ್ಡಾಗಿದ್ದೆ. ಒಂದು ವೆಬ್‌ಸೈಟು ನಕ್ಷೆಯ ಮೇಲೆ ಎರಡೂ ಏರ್‌ಪೋರ್ಟುಗಳ ನಡುವೆ ನೆಟ್ಟಗೆ ಗೆರೆ ಎಳೆದು ತೋರಿಸಿತು. ಗೆರೆ ದೇವದುರ್ಗದ ಪಕ್ಕ ಹಾಯ್ದು, ಮಾನ್ವಿ ತಾಲ್ಲೂಕಿನ ನಮ್ಮ ಬಾಗಲವಾಡದ ತಲೆಯ ಮೇಲೇ ಹೋಗಿತ್ತು. ನನಗೆ ಅರ್ಧ ನಿದ್ದೆ, ಅರ್ಧ ಕನಸು. ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದೇನೆ. ಕೆಳಗೆ ಕೃಷ್ಣೆ ಬಿಸಿಲಿಗೆ ಹೊಳೆಯುತ್ತಿದ್ದಾಳೆ. ಭತ್ತದ ಮಡಿಗಳು, ಅಂಗೈಯಷ್ಟು ಊರು, ಮಾಳಿಗೆಯ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ. ಸದ್ದಿಲ್ಲ, ಧೂಳಿಲ್ಲ. ಎಂಥ ಸುಖ! (ಕಲಬುರಗಿ ಏರ್‌ಪೋರ್ಟು ಮುಟ್ಟಲೇ ನಮಗೆ ಮೂರು ತಾಸು ಬೇಕು. ಕನಸಿಗೆ ಅದೆಲ್ಲ ಯಾಕೆ?)

ಆ ಸುಖದಲ್ಲೇ ಬಾಗಲವಾಡದ ಚಿಗವ್ವ, ನಮ್ಮ ಚಿಕ್ಕಪ್ಪನ ಹೆಂಡತಿ ಈರಮ್ಮನಿಗೆ ಫೋನ್ ಹಚ್ಚಿದೆ. "ನಿನ್ನ ವಿಮಾನದಾಗ ಕೂಡಸ್ತೀನಿ, ತಯಾರಾಗು" ಅಂದೆ.

"ದೇವದುರ್ಗದ ಮ್ಯಾಲೆ ಹೋಗ್ತದೇನು?"

"ಹೋಗ್ತದ."

"ಅಲ್ಲಿ ನಿಂದ್ರತದೇನು?"

ನಕ್ಕುಬಿಟ್ಟೆ. "ಅದೇನು ಬಸ್ಸೇನ್ ಚಿಗವ್ವಾ, ಕೈ ಮಾಡಿದಲ್ಲಿ ನಿಂದ್ರಾಕ?"

ಚಿಗವ್ವ ನಗಲಿಲ್ಲ.

ದೇವದುರ್ಗದಲ್ಲಿ ಅವಳ ತಂಗಿ ಮಲ್ಲಮ್ಮ ಇದ್ದಾಳೆ. ಹನ್ನೊಂದು ವರ್ಷದ ಹಿಂದೆ ಚಿಗವ್ವನ ಮಗಳ ಮದುವೆಗೆ ಬಂದಿದ್ದಳು. ಹೆಣ್ಣು ಕಳಿಸುವ ಗದ್ದಲದಲ್ಲಿ ಚಿಗವ್ವ ತಂಗಿಗೆ ಉಡಿ ತುಂಬುವುದನ್ನೇ ಮರೆತಳು. ಬಂದ ಹೆಂಗಸರಿಗೆಲ್ಲ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ಒಡಹುಟ್ಟಿದವಳಿಗೆ ಖಾಲಿ ಸೆರಗು. ಮಲ್ಲಮ್ಮ ಮಾತಾಡದೆ ಬಸ್ ಹತ್ತಿದಳು. ಅಂದಿನಿಂದ ಇವಳು ಅಲ್ಲಿಗೆ ಹೋಗಿಲ್ಲ, ಅವಳು ಇಲ್ಲಿಗೆ ಬಂದಿಲ್ಲ. ಮರೆತೆ ಅಂತ ಹೇಳಲಿಕ್ಕಾದರೂ ಯಾರಾದರೊಬ್ಬರು ಮೊದಲು ಹೊಸ್ತಿಲು ದಾಟಬೇಕಲ್ಲ?

ಟಿಕೆಟ್ ಹುಡುಕಲು ಕುಳಿತೆ. ಆ ಎರಡು ಏರ್‌ಪೋರ್ಟುಗಳ ನಡುವೆ ಒಂದು ವಿಮಾನವೂ ಸಿಗಲಿಲ್ಲ! ವೆಬ್‌ಸೈಟು ಯಾವ ಎರಡು ಚುಕ್ಕೆ ಕೊಟ್ಟರೂ ಗೆರೆ ಎಳೆದು ಹೊತ್ತು ಹೇಳುತ್ತದಂತೆ. ನಾಲ್ಕಕ್ಷರ ಕಲಿತ ನಾನು ಅದನ್ನು ನಂಬಿ ಮುದುಕಿಗೆ ಮಾತು ಕೊಟ್ಟಿದ್ದೆ.

ಮೊನ್ನೆ, ಬರುತ್ತೇನೆಂದಷ್ಟೇ ತಿಳಿಸಿ, ಕಾರು ತೆಗೆದುಕೊಂಡು ಬಾಗಲವಾಡಕ್ಕೆ ಹೋದೆ. ಚಿಗವ್ವ ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಚೀಲ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ.

"ವಿಮಾನ ಇಲ್ಲ ಚಿಗವ್ವಾ. ನಂದ ತಪ್ಪಾತು" ಅಂದೆ.

"ಹೋಗ್ಲಿ ಬಿಡಪಾ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅದು ಅಲ್ಲಿ ನಿಂದ್ರದಿದ್ರೂ, ವಿಮಾನದಾಗ ಹೊಂಟಿದ್ದೆ, ದಾರ್ಯಾಗ ನಿಮ್ಮೂರು ಸಿಕ್ತು, ಇಳದೆ ಅಂತ ಆಕಿಗಿ ಹೇಳ್ಬೇಕಂತ ಮಾಡಿದ್ದೆ. ಈಗ ಆ ನೆವಾನೂ ಹೋತು."

ನಾನು ಮೋಡದ ಕನಸು ಕಾಣುವಾಗ ಇವಳು ತಂಗಿಯ ಮುಂದೆ ಹೇಳಬೇಕಾದ ಮಾತು ಹೊಂದಿಸುತ್ತಿದ್ದಳು.

"ಕಾರ್ ಅದ, ಹತ್ತು" ಅಂದೆ.

ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇತ್ತು. ಕಿಟಕಿಯಿಂದ ಭತ್ತದ ಗಾಳಿ ಬರುತ್ತಿತ್ತು. ದೇವದುರ್ಗದಲ್ಲಿ ಮಲ್ಲಮ್ಮ ಬಾಗಿಲಿಗೆ ಬಂದು ನಿಂತಳು. ಅಕ್ಕನ ಬೆಳ್ಳಗಾದ ಕೂದಲು ನೋಡಿದಳು, ಚೀಲ ನೋಡಿದಳು. ಕಾಲಿಗೆ ನೀರು ಕೊಟ್ಟು, ಮುಖ ಆಚೆ ಮಾಡಿ ಕೇಳಿದಳು, "ಮನಿ ಯಾವಾಗ ಬಿಟ್ಟಿದ್ದಿ?"

"ಹನ್ನೊಂದು ವರ್ಷ ಆತವ್ವಾ."

ಮಲ್ಲಮ್ಮ ಸೆರಗು ಒಡ್ಡಿದಳು.

ಏರ್‌ಪೋರ್ಟುಗಳ ಮಾತು ಬಿಡಿ. ನಿಮ್ಮ ಮನೆಯಿಂದ ನಿಮ್ಮ ತಂಗಿಯ ಮನೆಗೆ ಎಷ್ಟು ಹೊತ್ತಿನ ದಾರಿ?